ಬಾಯಿ ಮೇಲೆ ಬೆರಳಿಟ್ಟ ಕೂಸು

ನಮ್ಮ ಚಿಗವ್ವ ದಿನಾ ಕುಡಿಯುತ್ತಾಳೆ. ಬೀಡಿಯನ್ನೂ ಸೇದುತ್ತಾಳೆ.

ಇದು ನಾನು ಹೇಳುತ್ತಿರೋದಲ್ಲ, ದವಾಖಾನೆಯ ಕೇಸ್ ಪೇಪರ್ ಹೇಳುತ್ತಿರೋದು. ಮದ್ಯಪಾನ ಅನ್ನೋ ಕಡೆ 'ಹೌದು'. ಧೂಮಪಾನ ಅನ್ನೋ ಕಡೆ 'ಹೌದು'. ತಂಬಾಕು? ಹೌದು. ಹಿಂದೆ ಯಾವುದಾದರೂ ಆಪರೇಶನ್ ಆಗಿದೆಯೇ? ಅದೂ ಹೌದು. ಎಲ್ಲದರ ಮುಂದೂ ನೀಲಿ ಪೆನ್ನಿನಲ್ಲಿ ನೀಟಾಗಿ ಟಿಕ್ ಮಾರ್ಕು.

ಚಿಗವ್ವ ಅಂದರೆ ನಮ್ಮವ್ವನ ತಂಗಿ. ಬನಹಟ್ಟಿಯವಳು. ವಯಸ್ಸು ಅರವತ್ತೆರಡು. ಸೋಮವಾರ ಒಪ್ಪತ್ತು ಹಿಡಿಯುವವಳು. ಓಣಿಯಲ್ಲಿ ಯಾರಾದರೂ ಬೀಡಿ ಹಚ್ಚಿದರೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಅವನ ಏಳು ತಲೆಮಾರನ್ನು ವಿಚಾರಿಸಿಕೊಳ್ಳುವವಳು. ಆಪರೇಶನ್ ಹೋಗಲಿ, ಮೈಮೇಲೆ ಒಂದು ಹೊಲಿಗೆಯ ಗುರುತೂ ಇಲ್ಲ. ಮೂರೂ ಹೆರಿಗೆ ಮನೆಯಲ್ಲೇ ಆಗಿವೆ.

ಹಾಗಾದರೆ ಈ ಕೇಸ್ ಪೇಪರ್ ಹೇಗೆ ಬಂತು? ಡಾಕ್ಟರು ಏನು ಕೇಳಿದರೂ ಚಿಗವ್ವ 'ಹ್ಞೂಂರಿ' ಅಂದಿದ್ದಾಳೆ. ಅಷ್ಟೇ.

ಯಾಕೆಂದರೆ ಆಕೆಗೆ ಒಂದು ಪ್ರಶ್ನೆಯೂ ಕೇಳಿಸಿಲ್ಲ.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸಾಲದ್ದಕ್ಕೆ ಮೊಬೈಲಿನಲ್ಲಿ ಅದರ ಫೋಟೋ ಹೊಡೆದುಕೊಂಡೆ. ಮರುದಿನ ಜಮಖಂಡಿಯ ನಮ್ಮ ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ. (ಒಬ್ಬರ ಕೇಸ್ ಪೇಪರನ್ನು ಹೀಗೆ ಊರಿಗೆಲ್ಲ ತೋರಿಸಬಹುದಾ ಅಂತ ನನಗೆ ಆವಾಗ ಅನ್ನಿಸಲೇ ಇಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.)

ನೀವೂ ನಕ್ಕಿರಿ ಅಲ್ವಾ? ನಗ್ರಿ, ನಗ್ರಿ. ನಾನು ಮಾತ್ರ ಆ ನಗುವನ್ನು ನೆನೆಸಿಕೊಂಡರೆ ಈಗಲೂ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ.

ಬನಹಟ್ಟಿ, ರಬಕವಿಯಲ್ಲಿ ಹುಟ್ಟಿದವರಿಗೆ ಕಿವಿಯ ಕಥೆ ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗೆ ಹೇಳುತ್ತೇನೆ. ಒಂದು ಸಣ್ಣ ಖೋಲಿ. ಅದರಲ್ಲಿ ನಾಲ್ಕು ಪವರ್‌ಲೂಮು. ಬೆಳಗಿನಿಂದ ಸಂಜೆವರೆಗೆ ಖಟಾಖಟ್ ಖಟಾಖಟ್. ಅದರ ನಡುವೆ ಮೂವತ್ತು ವರ್ಷ ನಿಂತವರ ಕಿವಿ ಏನಾಗಬೇಕು? ಹೋಗುತ್ತದೆ. ಒಂದೇ ಸಲಕ್ಕೆ ಹೋಗೋದಿಲ್ಲ. ಮೊದಲು ಗುಬ್ಬಿ ಚಿಂವ್‌ಗುಟ್ಟೋದು ಹೋಗುತ್ತದೆ. ಆಮೇಲೆ ಯಾರೋ ಬಾಗಿಲು ಬಡಿದದ್ದು. ಆಮೇಲೆ ಮೊಮ್ಮಗಳ ಮಾತು.

ಅದಕ್ಕೇ ನಮ್ಮೂರಿನವರು ಜೋರಾಗಿ ಮಾತಾಡುತ್ತಾರೆ. ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಬನಹಟ್ಟಿಯವರು ನಿಂತು ಬೀಗರ ಯೋಗಕ್ಷೇಮ ವಿಚಾರಿಸುತ್ತಿದ್ದರೆ, ಬೆಲ್ಲದ ಪೆಂಟಿ ಇಳಿಸುತ್ತಿದ್ದವರು ಕೆಲಸ ಬಿಟ್ಟು ಜಗಳ ಬಿಡಿಸಲು ಓಡಿ ಬರುತ್ತಾರೆ. (ಉತ್ಪ್ರೇಕ್ಷೆ ಅಂತೀರಾ? ನಮ್ಮ ಅಪ್ಪನಿಗೇ ಆದದ್ದು.)

ಇಂಥ ಊರಲ್ಲಿ ನಾವು ಒಂದು ದವಾಖಾನೆ ತೆರೆದೆವು. ಹೋದ ವರ್ಷದ ಮಾತು. ಓಣಿಯವರೇ ಸೇರಿಕೊಂಡು, ನಿಂತುಹೋಗಿದ್ದ ಒಂದು ಮಗ್ಗದ ಖೋಲಿಯನ್ನು ತೊಳೆದು ಬಳಿದು ಮಾಡಿದ ಪುಟ್ಟ ದವಾಖಾನೆ. ವಾರಕ್ಕೆ ನಾಲ್ಕು ದಿನ ಮುಧೋಳದಿಂದ ಒಬ್ಬ ಡಾಕ್ಟರಬಾಯಿ ಬರುತ್ತಾರೆ. ಇನ್ನೂ ಸಣ್ಣ ವಯಸ್ಸು, ಒಳ್ಳೆಯ ಮನಸ್ಸು, ಬೈಯುವ ಅಭ್ಯಾಸ ಇನ್ನೂ ಆಗಿಲ್ಲ.

ಕಮಿಟಿಯಲ್ಲಿ ನಾನೂ ಒಬ್ಬಳು. ಅದೇ ಓಣಿಯಲ್ಲಿ ಹುಟ್ಟಿದವಳು, ಓದಿದವಳು, ಜಮಖಂಡಿಯಲ್ಲಿ ಕನ್ನಡ ಕಲಿಸುವ ಅಕ್ಕೋರು, ಮೇಲಾಗಿ ಪೇಪರಿನಲ್ಲಿ ವಾರ ವಾರ ಬರೆಯುವವಳು. ಎಲ್ಲ ನನಗೇ ಗೊತ್ತು ಅಂದುಕೊಳ್ಳಲು ಇನ್ನೇನು ಬೇಕು?

ಮೊದಲ ಮೀಟಿಂಗಿನಲ್ಲೇ 'ಹೀಲಿಂಗ್ ಎನ್ವಿರಾನ್‌ಮೆಂಟ್' ಅನ್ನೋ ಮಾತು ಒಗೆದೆ. ಕಮಿಟಿಯ ಅಧ್ಯಕ್ಷರು ಸೀರೆ ವ್ಯಾಪಾರಿ, ಓಣಿಯವರೆಲ್ಲ ಅವರನ್ನು ಅಣ್ಣಾರು ಅಂತೀವಿ. ಅವರು ಕನ್ನಡಕ ತೆಗೆದು ಕೇಳಿದರು.

"ಅಂದ್ರ ಏನ್ರಿ ಅಕ್ಕೋರ?"

"ಒಳಗ ಕಾಲ ಇಟ್ಟ ಕೂಡ್ಲೆ ಅರ್ಧಾ ಜಡ್ಡು ಇಳೀಬೇಕ್ರಿ ಅಣ್ಣಾರ."

"ಉಳದ ಅರ್ಧಾ?"

"ಅದನ್ನ ಡಾಕ್ಟರಬಾಯಾರು ಇಳಸ್ತಾರು."

ಪಾಸ್! ಆಮೇಲೆ ನಾನು ಹೇಳಿದ್ದೇ ವೇದ. ಗೋಡೆಗೆ ತಿಳಿನೀಲಿ ಬಣ್ಣ ಅಂದೆ, ಬಂತು. ತೊಳೆಯೋಕೆ ಸಲೀಸು ಅಂತ ಆಳೆತ್ತರಕ್ಕೆ ಹೊಳೆಯುವ ಟೈಲ್ಸ್ ಅಂದೆ, ಅದೂ ಬಂತು. ಡಾಕ್ಟರ ಖೋಲಿಗೆ ಬಾಗಿಲು ಬೇಡ, ಗಾಳಿಯಾಡಲಿ, ಪರದೆ ಸಾಕು ಅಂದೆ. ಹೊರಗೆ ಒಂದು ಬೇವಿನ ಗಿಡ ಇತ್ತು. ರೋಗಿಗಳಿಗೆ ಹಸಿರು ಕಾಣಲಿ ಅಂತ ಕಿಟಕಿಗೆ ಬೆನ್ನು ಮಾಡಿ ಡಾಕ್ಟರ ಕುರ್ಚಿ ಹಾಕಿಸಿದೆ. ಮಣ್ಣಿನ ಕುಂಡದಲ್ಲಿ ತುಳಸಿ, ಮನಿ ಪ್ಲಾಂಟು. ನೋಡಿದವರೆಲ್ಲ "ಮದುವಿ ಹಾಲ್ ಆಗೇತಲ್ರಿ!" ಅಂದರು.

ಕೊನೆಗೆ ನನ್ನ ಮಾಸ್ಟರ್‌ಪೀಸು. ಒಂದು ಬೋರ್ಡು. ಗುಂಡು ಗಲ್ಲದ ಕೂಸು, ತುಟಿ ಮೇಲೆ ಒಂದು ಬೆರಳು. ಅದರ ಕೆಳಗೆ ನನ್ನದೇ ಅಕ್ಷರದಲ್ಲಿ, 'ದಯವಿಟ್ಟು ಮೆಲ್ಲಗೆ ಮಾತನಾಡಿ'. ನನ್ನ ಅಕ್ಷರ ಮುದ್ದಾಗಿದೆ, ಅದನ್ನು ನಾನು ಹೇಳಬಾರದು, ಆದರೆ ಹೇಳುತ್ತೇನೆ. ಓಪನಿಂಗ್ ದಿನ ಜನ ಡಾಕ್ಟರಬಾಯಿಗಿಂತ ಆ ಕೂಸಿನ ಜೊತೆಗೇ ಹೆಚ್ಚು ಫೋಟೋ ತೆಗೆಸಿಕೊಂಡರು.

ಈಗ ಚಿಗವ್ವನ ಕಥೆಗೆ ಬರೋಣ.

ಈ ಕೇಸ್ ಪೇಪರ್ ಅಂದೆನಲ್ಲ, ಅದು ಆಕೆಯ ನಾಲ್ಕನೇ ಭೇಟಿಯದು. ಎರಡು ತಿಂಗಳಲ್ಲಿ ನಾಲ್ಕು ಸಲ ಹೋಗಿದ್ದಳು. ನೆಗಡಿ ಬಂದರೂ ಜ್ವರ ಬಂದರೂ ಕಷಾಯ ಕುಡಿದು ಮಲಗುವ ಹೆಂಗಸು ನಾಲ್ಕು ಸಲ ಯಾಕೆ ಹೋದಳು? ಕೇಳಿದರೆ ಒಂದೇ ಉತ್ತರ: "ಮೊಣಕಾಲ ಬ್ಯಾನಿ." ಪ್ರತಿ ಸಲವೂ ಮೊಣಕಾಲಿನ ಗುಳಿಗೆ ಕೊಟ್ಟು ಕಳಿಸಿದ್ದರು.

ಮುಂದಿನ ಭಾನುವಾರ, ವಾರ ವಾರ ಹೋಗುವ ಹಾಗೆ, ನಾನು ಬನಹಟ್ಟಿಗೆ ಹೋದಾಗ ಚಿಗವ್ವ ಮನೆಯಲ್ಲಿ ಕಾಣಲಿಲ್ಲ. ಎಲ್ಲಿ ಅಂತ ಹುಡುಕಿದರೆ ಮಾಳಿಗೆ ಮೇಲೆ. ಹಪ್ಪಳ ಒಣಹಾಕುತ್ತಿದ್ದಾಳೆ. ಮಾಳಿಗೆಗೆ ಮೆಟ್ಟಿಲಿಲ್ಲ, ಏಣಿ. ಬಿದಿರಿನದು. ಬುಟ್ಟಿ ಬಗಲಲ್ಲಿಟ್ಟುಕೊಂಡು ಹತ್ತಿದ್ದಾಳೆ!

ಮೊಣಕಾಲು ನೋಯುವವರು ಏಣಿ ಹತ್ತುತ್ತಾರಾ?

ಕೆಳಗೆ ಬಂದು ಗೂಡಿನಲ್ಲಿದ್ದ ಡಬ್ಬಿ ತೆಗೆದು ನೋಡಿದೆ. ನಾಲ್ಕು ಸಲ ಕೊಟ್ಟ ಗುಳಿಗೆಗಳೂ ಅಲ್ಲೇ ಇವೆ. ಒಂದೂ ನುಂಗಿಲ್ಲ.

ನಾನು ಮತ್ತೆ ಏಣಿ ಹತ್ತಿದೆ. (ನನಗೆ ಮಾತ್ರ ಮೊಣಕಾಲು ನಿಜವಾಗಿ ನೋಯುತ್ತದೆ.) ಆಕೆಯ ಎದುರಿಗೆ ಕೂತು ಅಂದೆ, "ಚಿಗವ್ವಾ, ನಿನ್ನ ಮೊಣಕಾಲಿಗೆ ಏನೂ ಆಗಿಲ್ಲ. ಏನಾಗೇತಿ ಖರೆ ಹೇಳ ಬೇ."

ಆಕೆ ಹಪ್ಪಳ ಮಗುಚಿ ಹಾಕಿದಳು. ಆಕೆಗೆ ಕೇಳಿಸದಿದ್ದಾಗ ಸುಮ್ಮನಿರುವ ರೀತಿ ಒಂದು. ಕೇಳಿಸಿಯೂ ಸುಮ್ಮನಿರುವ ರೀತಿ ಇನ್ನೊಂದು. ಇದು ಎರಡನೆಯದು.

ಮುಂದಿನ ಶನಿವಾರ ಮುಂಜಾನೆಯ ಶಾಲೆ ಮುಗಿಸಿ ನೇರ ಬಸ್ ಹತ್ತಿದೆ. ಐದನೇ ಸಲದ ಭೇಟಿಗೆ ನಾನೂ ಜೊತೆ. "ಬಾ, ಆದರ ಒಳಗ ಬರಬ್ಯಾಡ" ಅನ್ನೋ ಷರತ್ತಿನ ಮೇಲೆ.

ದವಾಖಾನೆಯ ಹಾಲಿನಲ್ಲಿ ಬೆಂಚಿನ ಮೇಲೆ ಕೂತೆ. ನಾನೇ ಮಾಡಿಸಿದ ಜಾಗ. ಆದರೆ ರೋಗಿಯ ಜೊತೆ ಬಂದು ಅಲ್ಲಿ ಕೂತದ್ದು ಅದೇ ಮೊದಲು. ನನ್ನ ಜಂಬ ಇಳಿಯಲು ಹತ್ತು ನಿಮಿಷ ಸಾಕಾಯಿತು ನೋಡಿ.

ಚಿಗವ್ವನಿಗಿಂತ ಮೊದಲು ಒಬ್ಬ ಕಾಕಾ ಒಳಗೆ ಹೋದರು. ಅವರೂ ನೇಕಾರರು, ಅವರಿಗೂ ಕಿವಿ ಅಷ್ಟಕ್ಕಷ್ಟೇ. ಪರದೆಯಾಚೆಯಿಂದ ಡಾಕ್ಟರಬಾಯಿ ಕೇಳುತ್ತಿದ್ದಾರೆ.

"ಸಂಡಾಸ ಸರಿ ಆಗತೈತೇನ್ರಿ ಕಾಕಾ?"

"ಏನ್ರಿ?"

"ಸಂಡಾಸ್ರೀ! ಸಂಡಾಸ!"

ನನ್ನ ಹೊಳೆಯುವ ಟೈಲ್ಸು ಆ ಮಾತನ್ನು ಹಿಡಿದು ಮೂಲೆ ಮೂಲೆಗೆ ಎಸೆಯಿತು. ಸಂಡಾಸ, ಸಂಡಾಸ, ಸಂಡಾಸ. ಹಾಲಿನಲ್ಲಿ ಕೂತ ಒಬ್ಬ ಮಹಾನುಭಾವ ಇಲ್ಲಿಂದಲೇ ಉತ್ತರ ಕೊಟ್ಟ: "ಇಲ್ರೀ ಬಾಯಾರ, ಮೂರ ದಿನಾತ್ರಿ ಆಗಿಲ್ಲ. ನಮ್ಮ ಮಗ್ಗಲಮನ್ಯಾಂವ, ನನಗ ಗೊತ್ತೈತಿ!"

ಇಡೀ ಹಾಲು ನಕ್ಕಿತು. ಹೊರಗೆ ಬಂದ ಕಾಕಾನೂ ನಕ್ಕರು. ಗಂಡಸರಿಗೆ ಇದೆಲ್ಲ ನಡೆದುಹೋಗುತ್ತದೆ.

ಆಮೇಲೆ ಚಿಗವ್ವನ ಪಾಳಿ. ಪರದೆ ಅರ್ಧ ಸರಿದಿತ್ತು, ನನಗೆ ಕಾಣುತ್ತಿತ್ತು. ಡಾಕ್ಟರಬಾಯಿ ಗಂಟಲು ಹರಿದುಕೊಂಡು ಕೇಳಿದರು, "ಏನ್ ತ್ರಾಸ ಐತ್ರಿ ಯವ್ವಾ?"

ಚಿಗವ್ವ ತಿರುಗಿ ಹಾಲಿನ ಕಡೆ ನೋಡಿದಳು. ಬೆಂಚುಗಳ ತುಂಬ ಓಣಿಯವರು. ಆಕೆಗೆ ನೂಲು ಕೊಡುವವರು, ಆಕೆಯ ಮಗನ ಗೆಳೆಯರು, ಸೊಸೆಯ ತವರಿನವರು. ಆಮೇಲೆ ಆಕೆಯ ಕಣ್ಣು ಗೋಡೆಗೆ ಹೋಯಿತು. ನನ್ನ ಬೋರ್ಡಿನ ಮೇಲೆ ಒಂದು ಕ್ಷಣ ನಿಂತಿತು.

"ಮೊಣಕಾಲ್ರಿ" ಅಂದಳು.

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಐದನೇ ಸಲದ ಮೊಣಕಾಲಿನ ಗುಳಿಗೆ ಹಿಡಿದುಕೊಂಡು ಇಬ್ಬರೂ ಮನೆಗೆ ಬಂದೆವು. ಮನೆಯೊಳಗೆ ಹೋಗುವ ಬದಲು ನನ್ನ ಕೈ ಹಿಡಿದು ಪಕ್ಕದ ಮಗ್ಗದ ಖೋಲಿಗೆ ಎಳೆದುಕೊಂಡು ಹೋದಳು.

ಒಳಗೆ ಮಗ ನೇಯುತ್ತಿದ್ದ. ನಾಲ್ಕೂ ಮಗ್ಗ ಚಾಲೂ. ಆ ಸಪ್ಪಳದಲ್ಲಿ ನಿಮ್ಮ ಪಕ್ಕದಲ್ಲಿ ಡೊಳ್ಳು ಬಡಿದರೂ ಗೊತ್ತಾಗೋದಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ಮಗ್ಗದ ಖೋಲಿಯಲ್ಲಿ ಬೆಳೆದವರಿಗೆಲ್ಲ ಒಂದು ವಿದ್ಯೆ ಬರುತ್ತದೆ. ಯಾರೂ ಕಲಿಸೋದಿಲ್ಲ, ಬರುತ್ತದೆ. ತುಟಿ ನೋಡಿ ಮಾತು ತಿಳಿಯೋದು. ಆ ಗದ್ದಲದಲ್ಲಿ ಕೂಗಿ ಪ್ರಯೋಜನ ಇಲ್ಲ, ಹಾಗಾಗಿ ದನಿ ತೆಗೆಯದೆ ಬರೀ ತುಟಿ ಅಲುಗಿಸಿ ಮಾತಾಡುತ್ತೇವೆ. ಜೊತೆಗೆ ಕೈಸನ್ನೆ. ಬಟ್ಟಲು ಎತ್ತಿದಂತೆ ಮಾಡಿದರೆ ಚಹಾ. ಎರಡು ಬೆರಳು ಕತ್ತರಿಯಂತೆ ಆಡಿಸಿದರೆ ಎಳೆ ಹರಿದಿದೆ. ಮೀಸೆ ತಿರುವಿದರೆ ಮಾಲಕರು ಬಂದರು, ಹುಷಾರು. ಹೀಗೆ ಇಡೀ ದಿನ ಹರಟೆ, ಜಗಳ, ಮದುವೆ ಮಾತುಕತೆ ಎಲ್ಲ ನಡೆಯುತ್ತದೆ, ಒಂದೇ ಒಂದು ಶಬ್ದ ಹೊರಡಿಸದೆ.

ಚಿಗವ್ವ ಮಗನ ಬೆನ್ನು ನಮ್ಮ ಕಡೆ ಇರೋದನ್ನು ನೋಡಿಕೊಂಡಳು. ನನ್ನನ್ನು ಬೆಳಕಿಗೆ ನಿಲ್ಲಿಸಿಕೊಂಡಳು. ತಾನೂ ಬೆಳಕಿಗೆ ನಿಂತಳು. ತುಟಿ ಅಲುಗಿಸಿದಳು.

"ರಗತ ಹೋಗಾಕತ್ತೈತಿ."

ನಾನು ತಪ್ಪು ತಿಳಿದೆನೇನೋ ಅಂದುಕೊಂಡೆ. ಆಕೆ ಮತ್ತೆ ಅಂದಳು. ಎರಡು ಬೆರಳು ತೋರಿಸಿದಳು. ಎರಡು ತಿಂಗಳಿನಿಂದ.

ಆಕೆಗೆ ಮುಟ್ಟು ನಿಂತು ಹತ್ತು ವರ್ಷದ ಮೇಲಾಗಿದೆ.

ಇಂಥದ್ದನ್ನು ತಡ ಮಾಡಬಾರದು ಅನ್ನೋದು ಗೊತ್ತಿದ್ದವಳು ನಾನು. ನಾನೂ ತುಟಿಯಲ್ಲೇ ಕೇಳಿದೆ, ಡಾಕ್ಟರಬಾಯಿಗೆ ಯಾಕೆ ಹೇಳಲಿಲ್ಲ? ನಾಲ್ಕು ಸಲ ಹೋಗಿದ್ದಿ, ಇವತ್ತು ಐದನೇದು, ಯಾಕೆ ಹೇಳಲಿಲ್ಲ?

"ಹೇಳಾಕಂತನs ಹೋಗಿದ್ದೆ. ಪ್ರತಿ ಸಲಾನೂ ಹೇಳಾಕಂತನs ಹೋಗಿದ್ದೆ. ಅಲ್ಲಿ ಮೆಲ್ಲಕ ಹೆಂಗ ಹೇಳಲಿ? ನನ್ನ ದನಿ ಎಷ್ಟ ದೊಡ್ಡದ ಬರತೈತಿ ಅನ್ನೂದು ನನಗ ಗೊತ್ತಾಗಂಗಿಲ್ಲ. ನಾ ಪಿಸಿಪಿಸಿ ಅಂದೇನಿ ಅಂತ ತಿಳಕೊಂಡಿರತೇನಿ, ಓಣಿಗೆಲ್ಲಾ ಕೇಳಿರತೈತಿ."

ಮತ್ತೆ ತುಟಿ ಅಲುಗಿಸಿದಳು.

"ಮ್ಯಾಲ ನೀವs ಹಾಕೀರಲ್ಲ, ಚಿತ್ರ."

"ಯಾವ ಚಿತ್ರ?"

ಚಿಗವ್ವ ತನ್ನ ತುಟಿ ಮೇಲೆ ಬೆರಳಿಟ್ಟು ತೋರಿಸಿದಳು. ಥೇಟ್ ನನ್ನ ಕೂಸಿನ ಹಾಗೆ.

ಆ ಕ್ಷಣಕ್ಕೆ ನನ್ನ ತಲೆ ಮೇಲೆ ಯಾರೋ ತಣ್ಣೀರು ಸುರಿದಂತಾಯಿತು. ಯಾಕೆ ಹೇಳಲಾ? ತುಟಿ ಮೇಲೆ ಬೆರಳು ಅಂದರೆ ನಿಮ್ಮೂರಲ್ಲಿ 'ಗದ್ದಲ ಮಾಡಬೇಡಿ'. ನಮ್ಮ ಮಗ್ಗದ ಖೋಲಿಯಲ್ಲಿ ಹಾಗಲ್ಲ. ನಾಲ್ಕು ಮಗ್ಗ ಬಡಿದುಕೊಳ್ಳುವ ಜಾಗದಲ್ಲಿ ಯಾರು ಯಾರಿಗೆ ಗದ್ದಲ ಮಾಡಬೇಡ ಅನ್ನುತ್ತಾರೆ? ಅಲ್ಲಿ ಆ ಸನ್ನೆಗೆ ಒಂದೇ ಅರ್ಥ. 'ಯಾರಿಗೂ ಹೇಳಬ್ಯಾಡ.'

ನಾನು ಸಣ್ಣವಳಿದ್ದಾಗ ಅವ್ವ ನನಗೊಬ್ಬಳಿಗೇ ಕರದಂಟಿನ ಚೂರು ಕೊಟ್ಟು, ನಡೆಯುತ್ತಿದ್ದ ಮಗ್ಗದಾಚೆಯಿಂದ ಹಾಗೇ ತುಟಿ ಮೇಲೆ ಬೆರಳಿಡುತ್ತಿದ್ದಳು. ಅಣ್ಣನಿಗೆ ಹೇಳಬ್ಯಾಡ ಅಂತ. ನಾನು ಹೇಳುತ್ತಿರಲಿಲ್ಲ. ಹುಟ್ಟಿದಾಗಿನಿಂದ ಗೊತ್ತಿದ್ದ ಸನ್ನೆ! ಜಮಖಂಡಿಯ ಶಾಲೆಯಲ್ಲಿ ಮಕ್ಕಳನ್ನು ಸುಮ್ಮನಾಗಿಸುತ್ತಾ ಸುಮ್ಮನಾಗಿಸುತ್ತಾ ಮರೆತೇಬಿಟ್ಟಿದ್ದೆ.

ಚಿಗವ್ವನಿಗೆ ಓದಲು ಬರೋದಿಲ್ಲ. ನನ್ನ ಮುದ್ದಾದ ಅಕ್ಷರ ಆಕೆಗೆ ಲೆಕ್ಕಕ್ಕೇ ಇಲ್ಲ. ಆಕೆ ಓದಿದ್ದು ಚಿತ್ರವನ್ನು. ಗೋಡೆ ಮೇಲಿನ ಕೂಸು ಆಕೆಗೆ ಐದು ಸಲವೂ ಹೇಳಿದ್ದು ಒಂದೇ ಮಾತು: ಇಲ್ಲಿ ಹೇಳಬ್ಯಾಡ.

ಹೇಳಿಕೊಳ್ಳಲು ಹೋದವಳು, ಹೇಳದೆ ಬಂದಳು. ಎರಡು ತಿಂಗಳು ರಕ್ತ ಹೋಗುತ್ತಿತ್ತು.

ಅತ್ತೆನಾ? ಅತ್ತೆ. ಆ ಸಪ್ಪಳದಲ್ಲಿ ಅತ್ತರೂ ಯಾರಿಗೆ ಕೇಳಿಸುತ್ತದೆ? ಚಿಗವ್ವ ಸೆರಗಿನಿಂದ ನನ್ನ ಮುಖ ಒರೆಸಿದಳು. ಸಮಾಧಾನ ಮಾಡಬೇಕಾದವಳು ನಾನು, ಮಾಡಿದವಳು ಆಕೆ.

ದವಾಖಾನೆ ಸಂಜೆವರೆಗೆ ಇರುತ್ತದೆ. "ನಡಿ, ಈಗ ಹೋಗೂಣು, ನಾ ಹೇಳತೇನಿ ಡಾಕ್ಟರಬಾಯಾರಿಗೆ" ಅಂದೆ. ಆಕೆ ಕೈ ಬಿಡಿಸಿಕೊಂಡಳು.

"ಮೈ ನಂದು. ನಾ ಹೇಳತೇನಿ."

ಹೋದೆವು. ಹಾಲಿನಲ್ಲಿ ಇನ್ನೂ ಆರೇಳು ಜನ ಇದ್ದರು. ನಾನು ಡಾಕ್ಟರಬಾಯಿಯ ಕಿವಿಯಲ್ಲಿ ಇಷ್ಟೇ ಹೇಳಿದೆ: ಇವಳಿಗೆ ಮೊಣಕಾಲು ನೋವಿಲ್ಲ, ಬೇರೆ ಇದೆ, ಕಿವಿ ಕೇಳೋದಿಲ್ಲ ಆದರೆ ತುಟಿ ನೋಡಿದರೆ ಎಲ್ಲ ತಿಳಿಯುತ್ತದೆ. ಅವರ ಮುಖ ಪೆಚ್ಚಾಯಿತು.

"ನಾ ಏನ್ ಕೇಳಿದ್ರೂ ಹ್ಞೂಂ ಅಂತಿದ್ರಲ್ರೀ ಅಕ್ಕೋರ. ನಾ ತಿಳೀತೈತಿ ಅಂತನs ಬರಕೊಂಡೆ."

"ಹಂಗಾರ ಹೊರಗಿನವರನ್ನ ಒಂದ ಹತ್ತ ಮಿನಿಟು ಆಚೆ ಕಳಿಸಲೇನ್ರಿ?" ಅಂತಲೂ ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ. ನಾನು ಅದನ್ನು ತುಟಿಯಲ್ಲಿ ತಿಳಿಸಿದೆ. ಚಿಗವ್ವ ಹೌಹಾರಿದಳು. ನನಗೂ ತುಟಿಯಲ್ಲೇ ಹೇಳಿದಳು, "ಕಳಸಿದ್ರ ಮುಗದs ಹೋತು. ಈಕಿಗೆ ಅಂಥಾದ್ದೇನಾಗೇತಿ ಅಂತ ನಾಳಿ ಓಣಿ ತುಂಬ ಅದs ಸುದ್ದಿ."

ಸರಿ, ಎಲ್ಲರೂ ಇದ್ದ ಹಾಗೇ ಇರಲಿ. ಚಿಗವ್ವ ಡಾಕ್ಟರ ಎದುರಿಗೆ ಕೂತಳು. ಕೂತು, ಕಣ್ಣು ಕಿರಿದು ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮಾರೀನs ಕಾಣವಲ್ದು."

ಹೇಗೆ ಕಾಣುತ್ತದೆ? ಡಾಕ್ಟರ ಬೆನ್ನ ಹಿಂದೆ ಕಿಟಕಿ. ಕಿಟಕಿಯ ತುಂಬ ಬಿಸಿಲು. ಎದುರಿಗೆ ಕೂತವರಿಗೆ ಬೇವಿನ ಗಿಡ ಚೆನ್ನಾಗಿ ಕಾಣುತ್ತದೆ, ಡಾಕ್ಟರ ಮುಖ ಕರ್ರಗೆ. ಸಾಲದ್ದಕ್ಕೆ ಮುಖಕ್ಕೆ ಮಾಸ್ಕು. ಆ ಕುರ್ಚಿ ಅಲ್ಲಿ ಹಾಕಿಸಿದ ಜಾಣೆ ಯಾರು? ಹೆಸರು ಹೇಳಬೇಕಾ?

ನಾವು ಮೂವರೂ ಸೇರಿ ಟೇಬಲ್ಲು ತಿರುಗಿಸಿದೆವು. ಡಾಕ್ಟರಬಾಯಿ ಬೆಳಕಿಗೆ ಮುಖ ಮಾಡಿ ಕೂತರು. ಕುರ್ಚಿ ಸ್ವಲ್ಪ ಹಿಂದೆ ಸರಿಸಿಕೊಂಡು ಮಾಸ್ಕು ತೆಗೆದರು. ಐದು ಸಲ ಬಂದವಳು ಅವರ ಮುಖವನ್ನು ಸರಿಯಾಗಿ ನೋಡಿದ್ದು ಅವತ್ತೇ. ನೋಡಿ, ನಕ್ಕಳು. "ಛಲೋ ಅದೀ ಬಿಡ" ಅಂದಳು. (ಇದನ್ನು ಮಾತ್ರ ಜೋರಾಗಿಯೇ.)

ಡಾಕ್ಟರಬಾಯಿಗೆ ಇನ್ನೂ ಅನುಮಾನ. ನಿಜಕ್ಕೂ ತಿಳಿಯುತ್ತದಾ ಅಂತ ಪರೀಕ್ಷೆ ಮಾಡಲು ಹಳೆಯ ಕೇಸ್ ಪೇಪರ್ ತೆಗೆದರು. ದನಿ ತೆಗೆಯದೆ, ಬರೀ ತುಟಿಯಲ್ಲಿ, ನಿಧಾನಕ್ಕೆ ಕೇಳಿದರು.

"ನೀವು ಸೆರೆ ಕುಡೀತೀರಿ?"

"ಏನಂದೀ?!" ಚಿಗವ್ವ ಕುರ್ಚಿಯಿಂದ ಎದ್ದೇಬಿಟ್ಟಳು. "ಸೆರೆ? ನಾನಾ? ನಮ್ಮ ಮನಿತನದಾಗ ಯಾರರ ಮುಟ್ಟಿದ್ರ ತೋರಸ!"

ಹಾಲಿನಲ್ಲಿದ್ದ ಆರೇಳು ಜನವೂ ಎದ್ದು ನಿಂತರು. ಡಾಕ್ಟರಬಾಯಿ ಬಾಯಿಗೆ ಕೈ ಅಡ್ಡ ಹಿಡಿಯಲು ಹೋಗಿ, ತುಟಿ ಮುಚ್ಚಬಾರದು ಅಂತ ನೆನಪಾಗಿ, ಕೈ ಕೆಳಗಿಳಿಸಿ ಮನಸಾರೆ ನಕ್ಕರು. ಪೆನ್ನು ತೆಗೆದು ಆ ಟಿಕ್ ಮಾರ್ಕನ್ನು ಹೊಡೆದುಹಾಕಿದರು.

ಆಮೇಲೆ ಚಿಗವ್ವ ನನಗೆ ಕಣ್ಣಲ್ಲೇ 'ಹೊರಗ ನಡಿ' ಅಂದಳು. ನಾನು ಪರದೆ ಎಳೆದು ಬೆಂಚಿನ ಮೇಲೆ ಬಂದು ಕೂತೆ. ಒಳಗೆ ಪ್ರಶ್ನೆ, ಉತ್ತರ ನಡೆಯುತ್ತಿತ್ತು. ಡಾಕ್ಟರ ತುಟಿ ಕೇಳುತ್ತಿತ್ತಂತೆ, ಚಿಗವ್ವನ ತಲೆ, ಬೆರಳು ಉತ್ತರ ಕೊಡುತ್ತಿದ್ದವಂತೆ. ಆಮೇಲೆ ಆಕೆಯೇ ಹೇಳಿದಳು. ಹೊರಗಿನವರಿಗೆ ಕೇಳಿಸಿದ್ದು ಫ್ಯಾನಿನ ಸಪ್ಪಳ ಒಂದೇ. ಆ ಹಾಲಿನಲ್ಲಿ ಮೊದಲ ಸಲ ಒಬ್ಬರ ಜಡ್ಡು ಅವರೊಬ್ಬರದೇ ಆಗಿತ್ತು.

ಸನ್ನೆ ಮಾಡಿ ನನ್ನನ್ನು ಒಳಗೆ ಕರೆದ ಡಾಕ್ಟರಬಾಯಿಯ ಕೈಯಲ್ಲಿ ದೊಡ್ಡ ಆಸ್ಪತ್ರೆಗೆ ಬರೆದ ಚೀಟಿ ಇತ್ತು. "ಸೋಮವಾರ ಅಂದ್ರ ಸೋಮವಾರನs ಹೋಗ್ರಿ. ಮುಂದ ಹಾಕಬ್ಯಾಡ್ರಿ" ಅಂದರು, ಮೆಲ್ಲಗೆ.

ಹೋದೆವು. ಟೆಸ್ಟು ಆಯಿತು. ರಿಪೋರ್ಟು ಬರುವವರೆಗಿನ ದಿನಗಳ ಬಗ್ಗೆ ಬರೆಯೋದಿಲ್ಲ. ಇಂಥ ದಿನಗಳನ್ನು ಕಂಡವರಿಗೆ ಬರೆಯಬೇಕಿಲ್ಲ, ಕಾಣದವರು ಕಾಣದೆ ಇರಲಿ. ಗರ್ಭಕೋಶದಲ್ಲಿ ಗಡ್ಡೆ, ಕೆಟ್ಟದ್ದೇ, ಆದರೆ ಈಗಷ್ಟೇ ಶುರು ಅಂದರು. ಆಪರೇಶನ್ ಆಯಿತು. ಪೂರ್ತಿ ತೆಗೆದಿದ್ದೇವೆ, ಸದ್ಯಕ್ಕೆ ಬೇರೇನೂ ಬೇಕಿಲ್ಲ, ತಪ್ಪದೆ ತೋರಿಸುತ್ತಿರಿ ಅಂದರು. ಮೊಣಕಾಲಿನ ಗುಳಿಗೆ ತರಲು ಆರನೇ ಸಲ, ಏಳನೇ ಸಲ ಅಂತ ಹೋಗುತ್ತಲೇ ಇದ್ದಿದ್ದರೆ? ಅದನ್ನು ಯೋಚಿಸಿದರೆ ಊಟ ಇಳಿಯೋದಿಲ್ಲ, ಯೋಚಿಸೋದಿಲ್ಲ.

ಯೋಚಿಸುವ ಬದಲು ಕಮಿಟಿ ಮೀಟಿಂಗು ಕರೆಸಿದೆ.

ಚಿಗವ್ವನ ಸುದ್ದಿ ಎತ್ತಲಿಲ್ಲ. (ಈಗ ಬರೆಯುತ್ತಿದ್ದೀಯಲ್ಲ ಅಂತೀರಾ? ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ನಾಕ ಮಂದಿ ಹೆಣ್ಣಮಕ್ಕಳು ಬಾಯಿ ಬಿಡಲಿ" ಅಂದಳು. ಸ್ಟಾಫ್ ರೂಮಿನಲ್ಲಿ ಫೋಟೋ ತೋರಿಸಿದ್ದನ್ನೂ ಹೇಳಿ ಬೈಸಿಕೊಂಡಿದ್ದೇನೆ.) ನಾನು ಹೇಳಿದ್ದು ಇಷ್ಟೇ: ಟೈಲ್ಸ್ ಮುಚ್ಚಬೇಕು, ಡಾಕ್ಟರ ಖೋಲಿಗೆ ಬಾಗಿಲು ಬೇಕು, ಬೋರ್ಡು ತೆಗೀಬೇಕು.

ಅಣ್ಣಾರು ಕನ್ನಡಕ ತೆಗೆದರು. "ಅಕ್ಕೋರ, ಹಾಕ್ರಿ ಅಂದವರೂ ನೀವs, ತಗೀರಿ ಅನ್ನಾವರೂ ನೀವs. ಏನ್ ನಡಸೀರಿ?"

"ತಪ್ಪ ಮಾಡಿದವರs ತಿದ್ದಬೇಕಲ್ರಿ ಅಣ್ಣಾರ. ಬ್ಯಾರೇದವರಿಗೆ ಯಾಕ ತ್ರಾಸ?"

"ಅಷ್ಟ ಛಂದ ಟೈಲ್ಸ್ ಮ್ಯಾಲ ಏನ್ ಹಾಕತೀರಿ?"

"ಕೌದಿ."

ಕೌದಿ ಅಂದರೆ ಹಳೆಯ ಸೀರೆಗಳನ್ನು ಪದರ ಪದರ ಸೇರಿಸಿ ಕೈಯಲ್ಲಿ ಹೊಲಿದ ದಪ್ಪ ಹೊದಿಕೆ. ನಮ್ಮ ಓಣಿಯಲ್ಲಿ ಕೌದಿ ಇಲ್ಲದ ಮನೆಯಿಲ್ಲ. ಸೀರೆ ನೇಯುವವರ ಓಣಿಯಲ್ಲಿ ಬಟ್ಟೆಗೆ ಬರವೇ? ಮರುದಿನ ಹೆಣ್ಣುಮಕ್ಕಳು ಹೊತ್ತು ತಂದರು. ಮೇಲಿನಿಂದ ಕೆಳಗಿನವರೆಗೆ ಇಳಿಬಿಟ್ಟೆವು. ಅಣ್ಣಾರು ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರು. ಸಪ್ಪಳ ಅಲ್ಲೇ ಬಿದ್ದು ಸತ್ತಿತು. ಮತ್ತೊಮ್ಮೆ ತಟ್ಟಿದರು. ಅವರೊಳಗಿನ ವ್ಯಾಪಾರಿ ಒಂದು ಕೌದಿಯ ಅಂಚು ತಿರುವಿ ನೋಡಿ, "ನಮ್ಮ ಅಂಗಡಿ ಸೀರಿ ಇದು!" ಅಂದರು.

ಧೂಳು ಕೂಡುತ್ತದೆ, ವಾರಕ್ಕೊಮ್ಮೆ ತೊಳೆಯಲೇಬೇಕು ಅಂದರು ಡಾಕ್ಟರಬಾಯಿ. ಸರಿಯಾದ ಮಾತು. ಈಗ ಒಂದೊಂದು ವಾರ ಒಂದೊಂದು ಮನೆಯವರ ಪಾಳಿ. ತೊಳೆಯುವವರು ಒಯ್ಯುತ್ತಾರೆ, ತಮ್ಮ ಮನೆಯ ಕೌದಿ ತಂದು ತೂಗುಹಾಕುತ್ತಾರೆ. ಹೆಸರು ಕೂಗೋದು ನಿಂತಿದೆ, ನರ್ಸಬಾಯಿ ಎದ್ದು ಬಂದು ಕೈ ಮಾಡಿ ಕರೆಯುತ್ತಾರೆ. ಬಾಗಿಲು ಕೂತಿದೆ. ಟೇಬಲ್ಲು ತಿರುಗಿಸಿದ ಹಾಗೇ ಇದೆ. ಬೇವಿನ ಗಿಡ ಈಗ ಡಾಕ್ಟರಬಾಯಿಗೆ ಕಾಣುತ್ತದೆ, ಅವರಿಗೂ ಬೇಡವೇ ಹಸಿರು?

ಆ 'ಹೀಲಿಂಗ್ ಎನ್ವಿರಾನ್‌ಮೆಂಟ್' ಅನ್ನೋ ಮಾತನ್ನು ನಾನಿನ್ನೂ ಬಿಟ್ಟಿಲ್ಲ. ಆದರೆ ಅದು ಪೇಂಟಿನ ಡಬ್ಬಿಯಲ್ಲಿ ಸಿಗೋದಲ್ಲ ಅಂತ ಗೊತ್ತಾಗಿದೆ. ಹಿಪ್ಪರಗಿಯ ಕಡೆ ಗದ್ದೆಗೆ ನೀರು ಹಾಯಿಸಿ ಕೆಸರುಗಾಲಲ್ಲಿ ಬಂದವನು ಹೊಳೆಯುವ ನೆಲ ನೋಡಿದರೆ ಹೊಸ್ತಿಲಲ್ಲೇ ನಿಲ್ಲುತ್ತಾನೆ. ಅವನಿಗೆ ಬೇಕಾದದ್ದು ಬಾಗಿಲಲ್ಲಿ ಒಂದು ನಲ್ಲಿ. ಬೀಳಗಿ ಕಡೆ ಅನಗವಾಡಿಯಂಥ ಊರಿನಿಂದ ಕೂಸು ಎತ್ತಿಕೊಂಡು ಬಸ್ಸಿನಲ್ಲಿ ಬಂದವಳಿಗೆ ಬೇಕಾದದ್ದು ಮೊಲೆಯೂಡಿಸಲು ಒಂದು ಮರೆ, ಮನಿ ಪ್ಲಾಂಟಲ್ಲ. ಇದು ಯಾರಿಗೆ ಗೊತ್ತಿರುತ್ತದೆ? ಬರುವವರಿಗೇ ಗೊತ್ತಿರುತ್ತದೆ. ನಾವು ಕಮಿಟಿಯವರು ಎಲ್ಲರನ್ನೂ ಕೇಳುತ್ತೇವೆ, ಅವರನ್ನು ಬಿಟ್ಟು.

ಹೋದ ವಾರ ಚಿಗವ್ವನನ್ನು ತೋರಿಸಲು ಕರೆದುಕೊಂಡು ಹೋಗಿದ್ದೆ. ಮುಗಿದ ಮೇಲೆ ಬಾಗಿಲು ತೆರೆದು ನಿಂತ ಡಾಕ್ಟರಬಾಯಿ ತುಟಿಯಲ್ಲೇ ತಮಾಷೆ ಮಾಡಿದರು, "ಮೊಣಕಾಲ ಹೆಂಗದಾವ್ರಿ ಯವ್ವಾ?"

"ಅವಕ್ಕೇನ ಧಾಡಿ? ಮೊದಲಿಂದನೂ ನೆಟ್ಟಗs ಅದಾವು" ಅಂದಳು ಚಿಗವ್ವ. ಜೋರಾಗಿಯೇ. ಹಾಲಿನವರೆಲ್ಲ ನಕ್ಕರು, ಆಕೆಯೂ ನಕ್ಕಳು. ಈ ಸಲ ಏನು ಕೇಳಿಸಬೇಕು, ಏನು ಕೇಳಿಸಬಾರದು ಅನ್ನೋದು ಆಕೆಯ ಕೈಯಲ್ಲಿತ್ತು.

ಹೊರಡುವಾಗ ಗೋಡೆಯ ಮೇಲಿನ ಬರೀ ಮೊಳೆ ನೋಡಿ ನಿಂತಳು. ಕೂಸು ಎಲ್ಲಿ ಅಂತ ಸನ್ನೆಯಲ್ಲಿ ಕೇಳಿದಳು. ತೆಗೆದೆವು ಅಂದೆ. ಹೊಸ ಬೋರ್ಡು ಬರೆದುಕೊಡಿ ಅಂತ ಅಣ್ಣಾರು ಗಂಟುಬಿದ್ದಿದ್ದಾರೆ, ಏನು ಬರೆಯಲಿ ಅಂತ ಆಕೆಯನ್ನೇ ಕೇಳಿದೆ. ಹುಟ್ಟಿ ಇಷ್ಟು ವರ್ಷಕ್ಕೆ ಚಿಗವ್ವನ ಹತ್ತಿರ ನಾನು ಸಲಹೆ ಕೇಳಿದ್ದು ಅದೇ ಮೊದಲು.

ಆಕೆ ನನ್ನ ಮುಖವನ್ನೇ ನೋಡಿದಳು. ತುಟಿ ಅಲುಗಿಸಿದಳು.

"ಆ ಎರಡ ತಿಂಗಳೂ ವಾರಾ ವಾರಾ ನಮ್ಮ ಮನಿಗೆ ಬರತಿದ್ದಿ. ನನ್ನ ಮಾರೀ ಒಮ್ಮೆರ ನೋಡಿದ್ಯೇನು?"

ನೀವೇ ಹೇಳಿ, ನಮ್ಮಿಬ್ಬರಲ್ಲಿ ಕಿವುಡಿ ಯಾರು?